ಫುಟ್ಬಾಲ್ ಆಡಿದರೆ ಹುಡುಗಿಗೆ ಜೀವನ ನಡೆಯುತ್ತಾ?

ಶಿವಮೊಗ್ಗದಲ್ಲಿ ಹುಡುಗಿಯರಿಗೆ ಫುಟ್ಬಾಲ್ ಹೇಳಿಕೊಡುವ ನನ್ನನ್ನು ಅಪ್ಪ ಅಮ್ಮಂದಿರು ಕೇಳುವುದು ಒಂದೇ ಪ್ರಶ್ನೆ. "ಮೇಡಂ, ಇವಳು ಚೆನ್ನಾಗಿ ಗೋಲ್ ಹೊಡೀತಾಳೆ, ಸರಿ. ಮುಂದೆ ಇದರಿಂದ ಜೀವನ ನಡೆಯುತ್ತಾ?" ತೀರ್ಥಹಳ್ಳಿ, ಸಾಗರ, ಹೊಸನಗರದ ಕಡೆಯಿಂದ ಬಂದವರು ಕೇಳುತ್ತಾರೆ. ಭದ್ರಾವತಿಯವರೂ ಕೇಳುತ್ತಾರೆ. ಕೇಳಲೇಬೇಕಾದ ಪ್ರಶ್ನೆ ಇದು. ಮಗಳ ಹತ್ತು ಹದಿನೈದು ವರ್ಷವನ್ನು ಒಂದು ಆಟಕ್ಕೆ ಕೊಡುವ ಮೊದಲು ಯೋಚನೆ ಮಾಡದೆ ಇರೋಕಾಗುತ್ತಾ?

ನನ್ನ ಉತ್ತರ: ನಡೆಯುತ್ತದೆ. ಆದರೆ ಇವತ್ತಿನ ಮಟ್ಟಿಗೆ ಆಟದ ದುಡ್ಡೊಂದನ್ನೇ ನಂಬಿಕೊಳ್ಳಬೇಡಿ. ಇದನ್ನು ಹೇಳಿದ ಮೇಲೆ ನಾನೂ ಒಂದು ಪ್ರಶ್ನೆ ಕೇಳುತ್ತೇನೆ. ಹನ್ನೆರಡರಿಂದ ಹದಿನೇಳನೇ ವಯಸ್ಸಿನ ನಡುವೆ ಅವಳಿಗೆ ಆಡಲು ಎಷ್ಟು ಪಂದ್ಯ ಸಿಗುತ್ತವೆ? ನನ್ನ ಪ್ರಕಾರ ಅವಳ ಮುಂದಿನ ದಾರಿ ನಿಂತಿರುವುದು ಅದರ ಮೇಲೆ.

ಮೊದಲು ದುಡ್ಡಿನ ಮಾತು ಮುಗಿಸೋಣ. ಇಂಡಿಯನ್ ವುಮೆನ್ಸ್ ಲೀಗ್ ಶುರುವಾಗಿದ್ದೇ 2016-17ರಲ್ಲಿ. ಆಗೆಲ್ಲ ತಂಡಗಳು ಒಂದೇ ಊರಿನಲ್ಲಿ ಸೇರಿ, ಕೆಲವೇ ವಾರಗಳಲ್ಲಿ ಲೀಗ್ ಮುಗಿಸಿ ಮನೆಗೆ ಹೋಗುತ್ತಿದ್ದವು. ಉಳಿದ ತಿಂಗಳು ಏನು ಮಾಡಬೇಕು ಅಂತ ಆಟಗಾರ್ತಿಯೇ ನೋಡಿಕೊಳ್ಳಬೇಕಿತ್ತು. 2023-24ರಲ್ಲಿ ತಮ್ಮೂರಲ್ಲೊಂದು ಪಂದ್ಯ, ಎದುರಾಳಿಗಳ ಊರಲ್ಲೊಂದು ಪಂದ್ಯ ಎನ್ನುವ ಪದ್ಧತಿ ಬಂತು. 2023ರಲ್ಲೇ ಅಖಿಲ ಭಾರತ ಫುಟ್ಬಾಲ್ ಫೆಡರೇಶನ್ ಇನ್ನೊಂದು ತೀರ್ಮಾನ ಮಾಡಿತು. ಲೀಗಿನ ಪ್ರತಿ ತಂಡವೂ ಕನಿಷ್ಠ ಹತ್ತು ಭಾರತೀಯ ಆಟಗಾರ್ತಿಯರಿಗೆ ವರ್ಷಕ್ಕೆ 3.2 ಲಕ್ಷ ರೂಪಾಯಿಗೆ ಕಡಿಮೆ ಇಲ್ಲದ ಕರಾರು ಕೊಡಬೇಕು. ತಿಂಗಳಿಗೆ ಭಾಗ ಮಾಡಿದರೆ 26 ಸಾವಿರ ಚಿಲ್ಲರೆ. ಮೊದಲಿಗೆ ಹೋಲಿಸಿದರೆ ದೊಡ್ಡ ಹೆಜ್ಜೆಯೇ. ಆದರೆ ದೇಶದ ಅತಿ ದೊಡ್ಡ ಲೀಗಿನಲ್ಲಿ ಆಡುವವಳ ಲೆಕ್ಕ ಇದು ಅನ್ನುವುದೂ ನೆನಪಿರಲಿ.

ಅದಕ್ಕೇ ನಾನು ಬಾಲಾ ದೇವಿಯವರ ಕಥೆ ಹೇಳುತ್ತೇನೆ. ಮಣಿಪುರದವರು. ಚಿಕ್ಕಂದಿನಲ್ಲಿ ಗಂಡುಹುಡುಗರ ಜೊತೆ ಆಡಿ ಕಲಿತವರು. ಭಾರತದ ಪರ 50ಕ್ಕೂ ಹೆಚ್ಚು ಗೋಲು ಹೊಡೆದ ಫಾರ್ವರ್ಡ್. ಆಡುತ್ತಲೇ ಮಣಿಪುರ ಪೊಲೀಸ್ ಇಲಾಖೆಯಲ್ಲಿ ಕೆಲಸಕ್ಕಿದ್ದರು. 2020ರ ಜನವರಿಯಲ್ಲಿ ಸ್ಕಾಟ್ಲೆಂಡಿನ ರೇಂಜರ್ಸ್ ಕ್ಲಬ್ 18 ತಿಂಗಳ ಕರಾರು ಮಾಡಿಕೊಂಡು ಅವರನ್ನು ಕರೆಸಿಕೊಂಡಿತು. ಯುರೋಪಿನ ಕ್ಲಬ್ ಜೊತೆ ಹೀಗೆ ವೃತ್ತಿಪರ ಕರಾರಿಗೆ ಸಹಿ ಹಾಕಿದ ಮೊದಲ ಭಾರತೀಯ ಮಹಿಳೆ ಅವರು. ಆಗ ಅವರಿಗೆ 30 ತುಂಬಲು ಕೆಲವೇ ದಿನ ಬಾಕಿ ಇತ್ತು! ಮೊದಲ ಗೋಲು ಬಂದಿದ್ದು ಅದೇ ವರ್ಷ ಡಿಸೆಂಬರಿನಲ್ಲಿ, ಮದರ್‌ವೆಲ್ ವಿರುದ್ಧ. ಪೊಲೀಸ್ ಕೆಲಸ ಇಲ್ಲದಿದ್ದರೆ ಅಷ್ಟು ವರ್ಷ ಕಾದು ಆಡುವುದು ಅವರಿಗೆ ತುಂಬಾ ಕಷ್ಟವಾಗುತ್ತಿತ್ತು ಎಂದು ನನಗೆ ಅನಿಸುತ್ತದೆ. ಆದ್ದರಿಂದ ಪೊಲೀಸ್, ರೈಲ್ವೆ ಇಲಾಖೆಗಳ ಕ್ರೀಡಾ ಕೋಟಾದ ಬಗ್ಗೆ ನಾನು ಮೊದಲ ದಿನವೇ ಹೇಳಿಬಿಡುತ್ತೇನೆ. ಓದು ಬಿಡಿಸಬೇಡಿ, ಪ್ರಮಾಣಪತ್ರಗಳನ್ನೆಲ್ಲ ಒಂದು ಫೈಲಿನಲ್ಲಿ ಜೋಪಾನವಾಗಿ ಇಡಿ ಅಂತಲೂ ಹೇಳುತ್ತೇನೆ.

ಬಾಲಾ ದೇವಿಯವರಿಗಿಂತ ಹನ್ನೊಂದು ಹನ್ನೆರಡು ವರ್ಷ ಚಿಕ್ಕವರಾದ ಪಂಜಾಬಿನ ಮನೀಷಾ ಕಲ್ಯಾಣ್‌ಗೆ ದಾರಿ ಬೇಗ ತೆರೆಯಿತು. 2021ರ ನವೆಂಬರಿನಲ್ಲಿ ಬ್ರೆಜಿಲಿನ ಮನೌಸ್ ನಗರದಲ್ಲಿ ಭಾರತ 6-1ರಿಂದ ಸೋತಿತು. ಆ ಒಂದು ಗೋಲು ಹೊಡೆದವರು ಮನೀಷಾ. ಮರುವರ್ಷ ಸೈಪ್ರಸ್‌ನ ಅಪೊಲಾನ್ ಕ್ಲಬ್ ಸೇರಿ, ಯುರೋಪಿನ ಕ್ಲಬ್‌ಗಳು ಸೆಣಸುವ ಮಹಿಳೆಯರ ಚಾಂಪಿಯನ್ಸ್ ಲೀಗಿನಲ್ಲಿ ಆಡಿದ ಮೊದಲ ಭಾರತೀಯಳಾದರು. ಆಗ ಅವರಿಗೆ 20 ವರ್ಷ.

ಈಗ ಆಡಲು ಎಷ್ಟು ಪಂದ್ಯ ಸಿಗುತ್ತವೆ ಎಂಬ ನನ್ನ ಪ್ರಶ್ನೆಗೆ ಬರುತ್ತೇನೆ. ಫಾರ್ವರ್ಡ್ ಒಬ್ಬಳನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ.

ಫಾರ್ವರ್ಡ್ ಎಂದರೆ ಗೋಲು ಹೊಡೆಯುವವಳು ಅಂತ ಎಲ್ಲರಿಗೂ ಗೊತ್ತು. ಆದರೆ 90 ನಿಮಿಷದ ಆಟದಲ್ಲಿ ಚೆಂಡು ಅವಳ ಕಾಲಲ್ಲಿ ಇರುವುದು ತುಂಬಾ ಸ್ವಲ್ಪ ಹೊತ್ತು. ಉಳಿದ ಹೊತ್ತೆಲ್ಲ ಅವಳು ಚೆಂಡಿಲ್ಲದೆ ಓಡುತ್ತಿರುತ್ತಾಳೆ. ಡಿಫೆಂಡರ್ ಬೆನ್ನ ಹಿಂದೆ ಜಾಗ ಹುಡುಕಬೇಕು. ಎಡಕ್ಕೆ ಹೋಗುವ ಹಾಗೆ ತೋರಿಸಿ ಬಲಕ್ಕೆ ನುಗ್ಗಬೇಕು. ಗೆಳತಿ ಪಾಸ್ ಕೊಡುವ ಆ ಗಳಿಗೆಗೆ ಸರಿಯಾಗಿ ಹೊರಡಬೇಕು. ಅರ್ಧ ಹೆಜ್ಜೆ ಮೊದಲು ಹೊರಟರೆ ಆಫ್‌ಸೈಡ್, ಅರ್ಧ ಹೆಜ್ಜೆ ತಡವಾದರೆ ಡಿಫೆಂಡರ್ ಮುಂದೆ ನಿಂತಿರುತ್ತಾಳೆ. ಹತ್ತು ಸಲ ಹೀಗೆ ಓಡಿದರೆ ಒಂಬತ್ತು ಸಲ ಪಾಸ್ ಬರುವುದೇ ಇಲ್ಲ. ಹತ್ತನೇ ಸಲವೂ ಅಷ್ಟೇ ಜೋರಾಗಿ ಓಡುವವಳು ಫಾರ್ವರ್ಡ್ ಆಗುತ್ತಾಳೆ.

ಕೋನ್ ಇಟ್ಟು ಇದನ್ನು ಕಲಿಸಲು ಬರುವುದಿಲ್ಲ. ಜೋರಾಗಿ ಹೊಡೆಯುವುದನ್ನು ಕಲಿಸಬಹುದು, ಎರಡೂ ಕಾಲು ಬಳಸುವುದನ್ನು ಕಲಿಸಬಹುದು. ಗಡಿಬಿಡಿಯಲ್ಲಿ, ಹಿಂದಿನಿಂದ ಒಬ್ಬಳು ತಳ್ಳುತ್ತಿರುವಾಗ, ತಲೆ ಎತ್ತಿ ಗೋಲ್‌ಕೀಪರ್ ಎಲ್ಲಿದ್ದಾಳೆ ಅಂತ ನೋಡುವುದು ಪಂದ್ಯದಲ್ಲೇ ಬರಬೇಕು. ಅದೂ ಗೊತ್ತಿಲ್ಲದ ಡಿಫೆಂಡರ್‌ಗಳ ಎದುರು.

ನಮ್ಮ ಮಲೆನಾಡಿನ ಹುಡುಗಿಗೆ ಅಂಥ ಪಂದ್ಯ ಎಷ್ಟು ಸಿಗುತ್ತವೆ? ಶಾಲಾ ಕ್ರೀಡಾಕೂಟವನ್ನೇ ತೆಗೆದುಕೊಳ್ಳಿ. ಎಂಟು ತಂಡ ಬಂದಿವೆ ಅಂದುಕೊಳ್ಳೋಣ. ನಾಕ್‌ಔಟ್ ಪದ್ಧತಿ. ನಾಲ್ಕು ತಂಡಗಳು ಒಂದೇ ಪಂದ್ಯ ಆಡಿ ಬಸ್ ಹತ್ತುತ್ತವೆ. ಗೆದ್ದು ಕಪ್ ಎತ್ತಿದ ತಂಡಕ್ಕೂ ಸಿಕ್ಕಿದ್ದು ಮೂರೇ ಪಂದ್ಯ. ಅದೂ ಮಳೆಗಾಲದಲ್ಲಿ, ಸಮಯ ಕಡಿತ ಮಾಡಿ ಆಡಿಸುವ ಆಟ. ಒಂದು ಇಡೀ ವರ್ಷದಲ್ಲಿ ಇಷ್ಟೇ ಆಡಿದವಳು, ಹದಿನೆಂಟಕ್ಕೆ ಬೆಂಗಳೂರಿಗೆ ಆಯ್ಕೆಗೆ ಹೋದಾಗ ಏನಾಗುತ್ತದೆ? ಅಲ್ಲಿ ವಾರವಾರ ಆಡಿದ ಹುಡುಗಿಯರ ಮುಂದೆ ಇವಳ ಓಟ ಚೆನ್ನಾಗಿರುತ್ತದೆ, ಉಸಿರು ಚೆನ್ನಾಗಿರುತ್ತದೆ. ಗುಡ್ಡ ಹತ್ತಿ ಶಾಲೆಗೆ ಹೋಗುವ ಮಕ್ಕಳು, ಇಲ್ಲದೆ ಏನು! ಆದರೆ ಎಲ್ಲಿ ಓಡಬೇಕು ಅನ್ನುವುದು ಗೊತ್ತಿರುವುದಿಲ್ಲ. ಆಯ್ಕೆ ಮಾಡುವವರು ಅರ್ಧ ಗಂಟೆ ನೋಡುತ್ತಾರೆ, ಅಷ್ಟೇ. ಇದು ನನಗೆ ತುಂಬಾ ನೋವು ಕೊಡುವ ವಿಷಯ. ಅವಳ ತಪ್ಪು ಇದರಲ್ಲಿ ಒಂದು ಚೂರೂ ಇಲ್ಲ.

ಮಳೆಯನ್ನು ದೂರಿ ಪ್ರಯೋಜನ ಇಲ್ಲ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರ್ ದಾಟುತ್ತದೆ, ಅದು ಹಾಗೇ ಇರುತ್ತದೆ. ಜೂನ್‌ನಿಂದ ಸೆಪ್ಟೆಂಬರ್ ಬಿಡಿ. ಭತ್ತದ ಕೊಯ್ಲು ಮುಗಿದ ಮೇಲೆ ಗದ್ದೆ ಖಾಲಿ ಇರುತ್ತದಲ್ವಾ? ಜನವರಿಯಿಂದ ಮಾರ್ಚ್‌ವರೆಗೆ ನೆಲ ಗಟ್ಟಿ ಇರುತ್ತದೆ. ಅಕ್ಕಪಕ್ಕದ ನಾಲ್ಕು ಶಾಲೆ ಸೇರಿ, ಒಂದು ತಂಡಕ್ಕೆ ಆರು ಜನರಂತೆ, ಪ್ರತಿ ತಂಡವೂ ಉಳಿದ ಪ್ರತಿ ತಂಡದ ಜೊತೆ ಎರಡು ಸಲ ಆಡಲಿ. ಪ್ರತಿ ತಂಡಕ್ಕೆ ಆರು ಪಂದ್ಯ ಆಯಿತು. ಸೋತವರೂ ಮುಂದಿನ ಭಾನುವಾರ ಬರುತ್ತಾರೆ. ಬೇಕಾಗಿರುವುದು ಎರಡು ಚೆಂಡು, ಗೋಲಿಗೆ ನಾಲ್ಕು ಗಳು, ಮಕ್ಕಳನ್ನು ಕರೆತಂದು ಸಂಜೆ ಕತ್ತಲಾಗುವ ಮೊದಲು ಮನೆ ಸೇರಿಸಲು ಒಂದು ವಾಹನ. ಊರಿನ ಯುವಕ ಸಂಘ ಮನಸ್ಸು ಮಾಡಿದರೆ ಆಗದ ಕೆಲಸವಾ ಇದು? ಸುಮ್ನೆ ಬಾಯಿಮಾತಿಗೆ ಹೇಳುತ್ತಿಲ್ಲ. ಇಂಥದ್ದು ಎಲ್ಲಿ ಶುರುವಾದರೂ ನಾನು ಸೀಟಿ ಹಿಡಿದುಕೊಂಡು ಬರುತ್ತೇನೆ. ಆಟದ ನಡುವೆ ಮಗಳಿಗೆ ಜೋರಾಗಿ ಸಲಹೆ ಕೊಡುವ ಅಪ್ಪಂದಿರು ಮಾತ್ರ ಸ್ವಲ್ಪ ದೂರ ನಿಂತರೆ ಒಳ್ಳೆಯದು.

ಮಂಡಿಯ ವಿಷಯ ಬಿಡುವ ಹಾಗಿಲ್ಲ. ಓಡುತ್ತಾ ಓಡುತ್ತಾ ಗಕ್ಕನೆ ತಿರುಗುವುದು ಫಾರ್ವರ್ಡ್ ಕೆಲಸ. ಪಾದ ನೆಲಕ್ಕೆ ಕಚ್ಚಿಕೊಂಡು ಮಂಡಿ ಮಾತ್ರ ತಿರುಗಿದರೆ ಒಳಗಿನ ಎಸಿಎಲ್ ಎಂಬ ಲಿಗಮೆಂಟ್ ಹರಿಯಬಹುದು. ಗಂಡಸರಿಗಿಂತ ಹೆಂಗಸರಲ್ಲಿ ಈ ಗಾಯ ಜಾಸ್ತಿ. ಆಪರೇಷನ್ ಆಗಿ ಮೈದಾನಕ್ಕೆ ಮರಳಲು ಸಾಮಾನ್ಯವಾಗಿ ಒಂಬತ್ತು ತಿಂಗಳಿಂದ ಒಂದು ವರ್ಷ ಬೇಕು. ಇಂಗ್ಲೆಂಡಿನ ಬೆತ್ ಮೀಡ್, ನೆದರ್ಲೆಂಡ್ಸ್‌ನ ವಿವಿಯಾನೆ ಮೀಡೆಮಾ ಇಬ್ಬರೂ ದೊಡ್ಡ ಫಾರ್ವರ್ಡ್‌ಗಳು. ಇಬ್ಬರೂ ಇದೇ ಗಾಯದಿಂದ 2023ರ ವಿಶ್ವಕಪ್ ಆಡಲಿಲ್ಲ. ಫಿಫಾ ರೂಪಿಸಿದ 20 ನಿಮಿಷದ ವಾರ್ಮ್ ಅಪ್ ಒಂದಿದೆ, '11 ಪ್ಲಸ್' ಅಂತ. ಅದನ್ನು ತಪ್ಪದೆ ಮಾಡಿದ ತಂಡಗಳಲ್ಲಿ ಗಾಯ ಕಡಿಮೆಯಾಗಿದೆ. ನಮ್ಮ ಹುಡುಗಿಯರಿಗೆ ಅದು ಬೇಸರ. ನಾನು ಬಿಡುವುದಿಲ್ಲ.

ಎಷ್ಟು ವರ್ಷ ಆಡಬಹುದು ಅಂತಲೂ ಕೇಳುತ್ತಾರೆ. ಮೈ ಕಾಪಾಡಿಕೊಂಡರೆ ಮೂವತ್ತು ದಾಟಿಯೂ ಆಡಬಹುದು. ಕೆನಡಾದ ಕ್ರಿಸ್ಟೀನ್ ಸಿಂಕ್ಲೇರ್ ದೇಶದ ತಂಡ ಬಿಟ್ಟಿದ್ದು 40ನೇ ವಯಸ್ಸಿಗೆ, 190 ಗೋಲು ಹೊಡೆದ ಮೇಲೆ. ಮದುವೆ, ಮಗು ಆದರೆ ಮುಗೀತು ಅನ್ನುವ ಮಾತೂ ಹಳೆಯದಾಯಿತು. ವೃತ್ತಿಪರ ಆಟಗಾರ್ತಿಗೆ ಕನಿಷ್ಠ 14 ವಾರ ಸಂಬಳ ಸಹಿತ ಹೆರಿಗೆ ರಜೆ ಕೊಡಬೇಕು ಎಂಬ ಫಿಫಾ ನಿಯಮ 2021ರಿಂದ ಇದೆ.

ಕಳೆದ ಕೆಲವು ವರ್ಷಗಳಲ್ಲಿ ನನಗೆ ಅತಿ ಹೆಚ್ಚು ಖುಷಿ ಕೊಟ್ಟ ದಿನ 2025ರ ಜುಲೈ 5. ಥಾಯ್ಲೆಂಡಿನ ಚಿಯಾಂಗ್ ಮಾಯ್‌ನಲ್ಲಿ ಭಾರತ ತಂಡ ತನಗಿಂತ ಮೇಲಿನ ರ‍್ಯಾಂಕಿನ ಥಾಯ್ಲೆಂಡನ್ನು ಅವರದೇ ನೆಲದಲ್ಲಿ 2-1ರಿಂದ ಸೋಲಿಸಿತು. ಎರಡೂ ಗೋಲು ಸಂಗೀತಾ ಬಾಸ್ಫೋರ್ ಅವರದ್ದು. ಅರ್ಹತಾ ಪಂದ್ಯಗಳನ್ನು ಗೆದ್ದು ಏಷ್ಯನ್ ಕಪ್‌ಗೆ ಹೋಗುವ ಅವಕಾಶ ನಮ್ಮ ಹುಡುಗಿಯರಿಗೆ ಸಿಕ್ಕಿದ್ದು ಅದೇ ಮೊದಲು. ಆ ಗೋಲುಗಳ ವಿಡಿಯೋವನ್ನು ನನ್ನ ಹುಡುಗಿಯರಿಗೆ ತೋರಿಸುತ್ತೇನೆ. ಅಪ್ಪ ಅಮ್ಮಂದಿರಿಗೂ ತೋರಿಸುತ್ತೇನೆ.

ಅಡಿಕೆ ಸಸಿ ನೆಟ್ಟರೆ ಫಸಲಿಗೆ ಐದಾರು ವರ್ಷ ಕಾಯುತ್ತೀರಿ. ಮಗಳಿಗೂ ಅಷ್ಟೇ ಕೇಳುತ್ತಿದ್ದೇನೆ. ಹದಿನೆಂಟರವರೆಗೆ ಓದಿನ ಜೊತೆ ಆಡಲಿ. ಆಗ ಅವಳು ಯಾವ ಮಟ್ಟದಲ್ಲಿದ್ದಾಳೆ ಅಂತ ನಾನೇ ನಿಮ್ಮ ಮುಂದೆ ಕೂತು, ಮುಚ್ಚುಮರೆ ಇಲ್ಲದೆ ಹೇಳುತ್ತೇನೆ. ಅಲ್ಲಿಯವರೆಗೆ ಭಾನುವಾರದ ಪಂದ್ಯ ತಪ್ಪಿಸಬೇಡಿ.