ಹುತ್ತರಿಗೆ ಊರಿಗೆ ಬರುವವರು ಕಾಲೇಜಿಗೂ ಬರಲಿ

ಕೊಡಗಿನ ಒಂದೇ ಮನೆಯಲ್ಲಿ ಅಜ್ಜನ ಪದವಿ ಮೈಸೂರು ವಿಶ್ವವಿದ್ಯಾಲಯದ್ದು, ಮಗಳದು ಮಂಗಳೂರಿನದು, ಮೊಮ್ಮಗನದು ಕೊಡಗು ವಿಶ್ವವಿದ್ಯಾಲಯದ್ದು ಆಗಿರಬಹುದು. 1980ರಲ್ಲಿ ಮಂಗಳೂರು ವಿಶ್ವವಿದ್ಯಾಲಯ ಸ್ಥಾಪನೆಯಾಗುವವರೆಗೆ ಇಲ್ಲಿನ ಕಾಲೇಜುಗಳು ಮೈಸೂರಿನ ವ್ಯಾಪ್ತಿಯಲ್ಲಿದ್ದವು; 2023ರಲ್ಲಿ ಚಿಕ್ಕ ಅಳುವಾರದಲ್ಲಿದ್ದ ಮಂಗಳೂರು ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರವೇ ಹೊಸ ವಿಶ್ವವಿದ್ಯಾಲಯದ ನೆಲೆಯಾಯಿತು. ಆದ್ದರಿಂದ ಹಳೆಯ ವಿದ್ಯಾರ್ಥಿಗಳ ನಂಟನ್ನು ವಿಶ್ವವಿದ್ಯಾಲಯದ ಹೆಸರಿನಲ್ಲಿ ಹುಡುಕುವುದಕ್ಕಿಂತ ಕಾಲೇಜಿನ, ಅದರಲ್ಲೂ ವಿಭಾಗದ ಮಟ್ಟದಲ್ಲಿ ಹುಡುಕುವುದು ಸರಿಯೆಂದು ನನಗೆ ತೋರುತ್ತದೆ.

ಕಾಲೇಜುಗಳ ಗುಣಮಟ್ಟ ಅಳೆಯುವ ರಾಷ್ಟ್ರೀಯ ಸಂಸ್ಥೆಯಾದ ನ್ಯಾಕ್‌ನ ಮೌಲ್ಯಮಾಪನದ ಐದನೆಯ ಮಾನದಂಡವು ಹಳೆಯ ವಿದ್ಯಾರ್ಥಿಗಳ ಸಂಘ ನೋಂದಣಿಯಾಗಿದೆಯೇ, ಅದರ ಕೊಡುಗೆಯೇನು ಎಂದು ಕೇಳುತ್ತದೆ. ಕಡತಕ್ಕೆ ಅಷ್ಟು ಸಾಕು; ವಿದ್ಯಾರ್ಥಿಗೆ ಸಾಲದು. ಅಂತಿಮ ಬಿ.ಕಾಂ. ಓದುತ್ತಿರುವ ಹುಡುಗಿಗೆ ಶಾಲು ಹೊದ್ದು ಭಾಷಣ ಮಾಡುವ ಗಣ್ಯರಿಗಿಂತ, ಮೂರು ವರ್ಷದ ಹಿಂದೆ ಅದೇ ಬೆಂಚಿನಲ್ಲಿದ್ದು ಈಗ ಬೆಂಗಳೂರಿನಲ್ಲಿ ಲೆಕ್ಕಪತ್ರದ ಕೆಲಸ ಮಾಡುತ್ತಿರುವ ಅಕ್ಕ ಬೇಕು: ಸಂದರ್ಶನದಲ್ಲಿ ಏನು ಕೇಳಿದರು, ಮೊದಲ ಸಂಬಳದಲ್ಲಿ ಪಿ.ಜಿ. ಬಾಡಿಗೆ ಕಳೆದು ಕೈಯಲ್ಲಿ ಎಷ್ಟು ಉಳಿಯಿತು ಎಂದು ಸಂಕೋಚವಿಲ್ಲದೆ ಕೇಳಲು. ಪೊನ್ನಂಪೇಟೆಯ ಅರಣ್ಯ ಮಹಾವಿದ್ಯಾಲಯದಂತಹ ಕಡೆ ಈ ಅಗತ್ಯ ಇನ್ನೂ ಸ್ಪಷ್ಟ. ಭಾರತೀಯ ಅರಣ್ಯ ಸೇವೆಗೆ ಆಯ್ಕೆಯಾಗಬೇಕಾದ ಪುರುಷ ಅಭ್ಯರ್ಥಿ ನಾಲ್ಕು ಗಂಟೆಯಲ್ಲಿ 25 ಕಿಲೋಮೀಟರ್ ನಡೆಯಬೇಕೆಂಬ ನಿಯಮವನ್ನು ಯಾರೂ ಓದಿಕೊಳ್ಳಬಹುದು. ಅದಕ್ಕೆ ಮೈಯನ್ನು ಹೇಗೆ ಅಣಿಗೊಳಿಸಬೇಕೆಂದು ಹೇಳಬಲ್ಲವರು ನಡೆದು ಬಂದವರು ಮಾತ್ರ. ಊರಿನಲ್ಲೇ ಉಳಿದು ತೋಟವನ್ನೋ ಹೋಂಸ್ಟೇಯನ್ನೋ ನಡೆಸುತ್ತಿರುವ ಪದವೀಧರರನ್ನು ವೇದಿಕೆಗೆ ಕರೆಯುವುದು ಅಪರೂಪ. ಬೆಲೆ ಕುಸಿದ ವರ್ಷದಲ್ಲಿ ಬ್ಯಾಂಕಿನ ಸಾಲ ನಿಭಾಯಿಸಿದವರ ಅನುಭವವೂ ವಾಣಿಜ್ಯ ಶಿಕ್ಷಣವೇ ಅಲ್ಲವೇ?

ಹಳೆಯ ವಿದ್ಯಾರ್ಥಿಗಳ ಸಮಾವೇಶದ ದಿನಾಂಕವನ್ನೂ ಊರಿನ ಪಂಚಾಂಗ ನೋಡಿ ಇಡಬೇಕು. ಮಳೆಗಾಲದಲ್ಲಿ ಘಾಟಿ ಹತ್ತಿ ಬರುವವರು ಕಡಿಮೆ. ರೊಬಸ್ಟಾ ಕಾಫಿಯ ಕೊಯ್ಲು ಬಿರುಸಾಗುವ ಜನವರಿಯಲ್ಲಿ ಬೆಳೆಗಾರರಿಗೆ ಬಿಡುವಿಲ್ಲ. 1997ರಲ್ಲಿ ಕರಡದಲ್ಲಿ ಆರಂಭವಾದ ಕೊಡವ ಕೌಟುಂಬಿಕ ಹಾಕಿ ಹಬ್ಬಕ್ಕೆ ಎಲ್ಲೆಲ್ಲಿಂದಲೋ ಜನ ಬರುತ್ತಾರಾದರೂ, ಆ ಬೇಸಿಗೆಯ ದಿನಗಳಲ್ಲಿ ವಿದ್ಯಾರ್ಥಿಗಳು ಪರೀಕ್ಷೆಯಲ್ಲೋ ರಜೆಯಲ್ಲೋ ಇರುತ್ತಾರೆ. ಹೊರಗಿರುವವರು ಕದಿರು ತೆಗೆಯಲು ಮನೆಗೆ ಬರುವ, ತರಗತಿಗಳೂ ನಡೆಯುತ್ತಿರುವ, ಕೊಡಗಿನ ಸುಗ್ಗಿಹಬ್ಬವಾದ ಹುತ್ತರಿಯ ವಾರವೇ ಸೂಕ್ತ. (ಊಟಕ್ಕೆ ಪಂದಿಕರಿ ಇದೆಯೆಂದು ತಿಳಿಸಿದರೆ ಹಾಜರಾತಿ ಇನ್ನಷ್ಟು ಹೆಚ್ಚೀತು.) ಆಹ್ವಾನ ಕಳುಹಿಸಲು ವಿಳಾಸವೇ ಇಲ್ಲವೆಂಬ ತೊಡಕಿಗೆ, ವರ್ಗಾವಣೆ ಪತ್ರ ಪಡೆಯಲು ಬಂದ ದಿನವೇ ಪ್ರತಿಯೊಬ್ಬರ ಒಪ್ಪಿಗೆ ಪಡೆದು, ಅವರ ಮತ್ತು ಮನೆಯವರ ದೂರವಾಣಿ ಸಂಖ್ಯೆಗಳನ್ನು ವಿಭಾಗದ ಪುಸ್ತಕದಲ್ಲಿ ಬರೆದಿಡುವುದು ಅತ್ಯಂತ ಅಗ್ಗದ ಪರಿಹಾರ.