ರೆಕಾರ್ಡ್ ರೂಮು: ಕಾದಂಬರಿಯಲ್ಲೂ ರಾಯಚೂರಿನಲ್ಲೂ

ರಾಯಚೂರು
19 ನವೆಂಬರ್ 2024, ಮಂಗಳವಾರ

ಪೋರ್ಚುಗಲ್ಲಿನ ಲೇಖಕ ಸರಮಾಗೊ ಅವರ ಕಾದಂಬರಿ ‘ಆಲ್ ದ ನೇಮ್ಸ್’ ಓದಿ ನಿನ್ನೆ ರಾತ್ರಿ ಮುಗಿಯಿತು. ಮೂಲ ಪೋರ್ಚುಗೀಸ್, 1997ರದು. ಜನನ ಮರಣ ದಾಖಲಿಸುವ ಕಚೇರಿಯ ಗುಮಾಸ್ತನೊಬ್ಬನ ಕಥೆ. ಸತ್ತವರ ಕಡತಗಳು ಅಲ್ಲಿ ಎಷ್ಟು ಬೆಳೆದಿವೆಯೆಂದರೆ, ಸಂಶೋಧನೆಗೆ ಬಂದವನೊಬ್ಬ ಒಳಗೇ ದಾರಿ ತಪ್ಪಿ ವಾರದ ಮೇಲೆ ಸಿಗುತ್ತಾನೆ. ಆಮೇಲೆ ದಾರ ಕಟ್ಟಿಕೊಂಡೇ ಒಳಗೆ ಹೋಗಬೇಕೆಂದು ಹುಕುಂ ಆಗುತ್ತದೆ. ನನಗೆ ಹೆಚ್ಚು ಹಿಡಿಸಿದ್ದು ಬೇರೆಯದು. ಸತ್ತವರ ಕಡತ, ಬದುಕಿರುವವರ ಕಡತ ಬೇರೆ ಬೇರೆ ಇಡುವುದು ಬೇಡ ಎಂದು ಕಚೇರಿಯ ಮುಖ್ಯಸ್ಥ ತೀರ್ಮಾನಿಸುತ್ತಾನೆ. ಕಾಗದ ಎಲ್ಲಿಡಬೇಕು ಎನ್ನುವುದೇ ಕಥೆಯ ತಿರುವಾಗುವುದು ಅಪರೂಪ.

ಉಳಿದ ಕಥೆ, ಸಿನಿಮಾಗಳಲ್ಲಿ ನೆಲಮಾಳಿಗೆ, ಜೇಡರ ಬಲೆ, ದಪ್ಪ ಕನ್ನಡಕದ ಸಿಡುಕು ಮುದುಕ. ನಾಯಕ ಬಂದ ಕೂಡಲೇ ಬೇಕಾದ ಕಾಗದ ಕೈಗೆ ಸಿಗುತ್ತದೆ. ಅದಕ್ಕೆ ನಂಬರು ಹಾಕಿ ರಿಜಿಸ್ಟರಿನಲ್ಲಿ ಏರಿಸಿದವರು ಯಾರು ಅಂತ ಯಾರೂ ಕೇಳುವುದಿಲ್ಲ. ಈ ಕೆಲಸದವರಿಗೆ ಇದು ಅನ್ಯಾಯ. ಇನ್ನು ದಾಖಲೆ ನಾಶವಾಗುವುದಾದರೆ ಬೆಂಕಿಯೇ ಬೇಕು. ‘1984’ ಕಾದಂಬರಿಯಲ್ಲಿ ಆರ್ವೆಲ್‌ನ ವಿನ್‌ಸ್ಟನ್ ಹಳೆ ಪತ್ರಿಕೆ ತಿದ್ದಿ ಮೂಲವನ್ನು ಸುಡಲು ಹಾಕುತ್ತಾನೆ. ಇಟಲಿಯ ಉಂಬರ್ಟೊ ಎಕೋ ಅವರ 1980ರ ಕಾದಂಬರಿ ‘ದ ನೇಮ್ ಆಫ್ ದ ರೋಸ್’ನಲ್ಲಿ ಮಠದ ಗ್ರಂಥಾಲಯವೇ ಉರಿದುಹೋಗುತ್ತದೆ.

ನಮ್ಮ ಕಡೆ ಬೆಂಕಿಯ ಅಗತ್ಯವೇ ಇಲ್ಲ. ರಾಯಚೂರು 1948ರವರೆಗೆ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿತ್ತು, ಆಡಳಿತ ಉರ್ದುವಿನಲ್ಲಿ. ಇವತ್ತು ಸೋದರಮಾವನ ಹೊಲದ ಹಳೆ ಕಾಗದದ ನಕಲಿಗೆ ರೆಕಾರ್ಡ್ ರೂಮಿಗೆ ಹೋಗಿದ್ದೆ. ಅಲ್ಲಿಯ ಹಿರಿಯರು ಕೆಂಪು ಬಟ್ಟೆಯ ಗಂಟು ಬಿಚ್ಚಿದರು. ಅಂಚು ಉದುರದಂತೆ ಪ್ರತಿ ಹಾಳೆಯ ಕೆಳಗೂ ಅಂಗೈ ಕೊಟ್ಟು ಮೆಲ್ಲಗೆ ತಿರುವಿದರು.

“ಫಸಲಿ 1340 ಐತ್ರಿ. 590 ಕೂಡಿಸ್ರಿ, 1930-31 ಆತು.” ಫಸಲಿ ಎಂದರೆ ಆಗಿನ ಕಂದಾಯ ಲೆಕ್ಕದ ವರ್ಷ.

“ಒಳಗ ಏನ್ ಬರದದ ರೀ?”

“ಅಂಕಿ ಗುರ್ತು ಹಿಡೀತೀನ್ರಿ, ಅಕ್ಷರ ಬರಂಗಿಲ್ಲ. ರಿಟೈರ್ ಆದ ಮಾಸ್ತರೊಬ್ರು ಅದಾರ, ಅವ್ರ ಕಡೆ ಹೋಗ್ರಿ. ಅವ್ರಿಗೂ ಈಗ ಕಣ್ಣು ಸರಿ ಕಾಣಂಗಿಲ್ಲ.”

ಕಾಗದ ಇದೆ. ನಂಬರು ಇದೆ, ರ‍್ಯಾಕಿನಲ್ಲಿ ಅದರ ಜಾಗವೂ ಇದೆ. ಚುಕ್ಕಿಗಳನ್ನು ನುಂಗಿ, ಅಕ್ಷರಕ್ಕೆ ಅಕ್ಷರ ಹೆಣೆದು ಅವಸರದಲ್ಲಿ ಬರೆದ ಆ ಶಿಕಸ್ತಾ ಬರಹ ಶಾಲೆಯಲ್ಲಿ ಉರ್ದು ಕಲಿತ ಹುಡುಗರಿಗೂ ಸುಲಭಕ್ಕೆ ದಕ್ಕುವುದಿಲ್ಲ. ಸ್ಕ್ಯಾನ್ ಮಾಡಿಟ್ಟರೂ ಅಷ್ಟೇ, ಓದಲು ಮನುಷ್ಯರು ಬೇಕು. ಕದ್ದವರಿಲ್ಲ, ಸುಟ್ಟವರಿಲ್ಲ, ಆದರೂ ಒಂದು ಊರಿನ ಹೊಲ, ಬಾವಿ, ಹಕ್ಕುಗಳ ಲೆಕ್ಕ ಕೈತಪ್ಪುತ್ತಿದೆ. ನಾನು ಓದಿದ ಯಾವ ಕಾದಂಬರಿಯಲ್ಲೂ ಈ ನಷ್ಟ ಬಂದಿಲ್ಲ. ನಮ್ಮ ಕಡೆಯವರೇ ಯಾರಾದರೂ ಬರೆಯಬೇಕು. ಆ ಕಥೆಯಲ್ಲಿ ಅಂಗೈ ಕೊಟ್ಟು ಹಾಳೆ ತಿರುವುವ ಇಂಥವರು ಇರಬೇಕು, ನೆಲಮಾಳಿಗೆಯ ಮುದುಕ ಇನ್ನು ಸಾಕು.

ನಾಳೆ ಬೆಳಿಗ್ಗೆ ಮಾಸ್ತರರ ಮನೆಗೆ ಹೋಗುತ್ತೇನೆ. ಅವರು ಒಪ್ಪಿದರೆ ಓದುವುದನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಳ್ಳಬೇಕು. ಯಾವ ಅಕ್ಷರವನ್ನು ಹೇಗೆ ಗುರುತು ಹಿಡಿದರು ಅನ್ನುವುದನ್ನೂ ಬಿಡದೆ ಕೇಳಿ ಬರೆದುಕೊಳ್ಳಬೇಕು.