ಹೆಮಿ ಡಾರ್ಟ್: ಬೂದು ಪ್ರೈಮರ್, ಕಪ್ಪು ಮೂತಿ

1968ರ ಡ್ರ್ಯಾಗ್ ರೇಸ್ ಕಾರು ಡಾಡ್ಜ್ ಹೆಮಿ ಡಾರ್ಟ್, ಫ್ಯಾಕ್ಟರಿ ಕೋಡ್ ಎಲ್‌ಒ23. ಇದನ್ನು ಮೂಲರೂಪಕ್ಕೆ ತರುವ ಕೆಲಸದಲ್ಲಿ ಟಿಂಕರಿಂಗ್ ಮುಗಿದು ಪೇಂಟಿಂಗ್ ಹಂತಕ್ಕೆ ಬಂದಿದೆ. ಪೇಂಟಿಂಗ್ ಅನ್ನೋದೂ ಪೂರ್ತಿ ಸರಿಯಲ್ಲ. ಡಾಡ್ಜ್‌ನ ಮಾತೃಸಂಸ್ಥೆ ಕ್ರೈಸ್ಲರ್‌ಗಾಗಿ ಹರ್ಸ್ಟ್ ಕಂಪನಿ ಮಿಶಿಗನ್‌ನಲ್ಲಿ ಸಿದ್ಧಪಡಿಸಿದ ಸುಮಾರು 80 ಡಾರ್ಟ್‌ಗಳು ಡೀಲರ್ ಹತ್ತಿರ ಬಂದಿದ್ದೇ ಬೂದು ಪ್ರೈಮರ್‌ನಲ್ಲಿ. ಫೈಬರ್‌ಗ್ಲಾಸ್ ಫೆಂಡರ್, ಬಾನೆಟ್‌ಗೆ ಬರೀ ಕಪ್ಪು ರಾಳದ ಮೇಲ್ಪದರ, ಅಂದರೆ ಜೆಲ್‌ಕೋಟ್. ಬಣ್ಣ ಹೊಡೆಸೋದು ಕೊಂಡವರ ಪಾಡು. ಹಾಗಾಗಿ ಕನ್ನಡಿಯಂತೆ ಹೊಳೆಯುವ ಹೆಮಿ ಡಾರ್ಟ್ ಎಷ್ಟೇ ಚೆಂದ ಕಂಡರೂ ಅದು ಫ್ಯಾಕ್ಟರಿ ರೂಪ ಅಲ್ಲ.

ಬಾಗಿಲುಗಳು: ತೂಕ ಇಳಿಸಲು ಆಸಿಡ್‌ನಲ್ಲಿ ಅದ್ದಿದ ತಗಡು. ಗ್ರೈಂಡರ್ ಒಂದೇ ಕಡೆ ನಾಲ್ಕು ಸೆಕೆಂಡ್ ನಿಂತರೂ ಕಾದು ಉಬ್ಬುತ್ತದೆ, ಮರಳು ಬ್ಲಾಸ್ಟಿಂಗ್ ಅಂತೂ ಬೇಡವೇ ಬೇಡ. ಪೇಂಟ್ ರಿಮೂವರ್ ಹಚ್ಚಿ ಪ್ಲಾಸ್ಟಿಕ್ ಸ್ಕ್ರೇಪರ್‌ನಿಂದ ಕೆರೆದದ್ದಾಯ್ತು. ತಗಡು ಮಡಿಚಿದ ಅಂಚುಗಳಿಗೆ ಮೊದಲೇ 25 ಮಿ.ಮೀ. ಟೇಪ್ ಅಂಟಿಸಬೇಕು. ರಿಮೂವರ್ ಸಂದಿಗೆ ಇಳಿದರೆ ಎಷ್ಟು ತೊಳೆದರೂ ಹೋಗದು, ಆರು ತಿಂಗಳ ಮೇಲೆ ಪ್ರೈಮರ್ ಅಲ್ಲೇ ಗುಳ್ಳೆ ಏಳುತ್ತದೆ. ವೆಲ್ಡಿಂಗ್‌ಗೆ 0.6 ಮಿ.ಮೀ. ತಂತಿ, 25-30 ಮಿ.ಮೀ.ಗೊಂದು ಚುಕ್ಕೆ, ಕೈ ಇಟ್ಟರೆ ಬಿಸಿ ತಾಗದಷ್ಟು ಆರಿದ ಮೇಲೆ ಮುಂದಿನದು.

ಪ್ರೈಮರ್: ಹಳೇ ಪ್ರೈಮರ್ ಸ್ಪಂಜಿನಂತೆ ನೀರು ಕುಡಿಯುತ್ತದೆ, ಅಡಿಯಲ್ಲಿ ತುಕ್ಕು ಗ್ಯಾರಂಟಿ. ಅದಕ್ಕೇ ಕೆಳಗೆ ಎರಡು ಕೋಟ್ ಎಪಾಕ್ಸಿ ಪ್ರೈಮರ್, ಮೇಲೆ ಹೊಳಪು ಕುಗ್ಗಿಸುವ ಮ್ಯಾಟ್ ಏಜೆಂಟ್ ಬೆರೆಸಿದ ಬೂದು ಸಿಂಗಲ್ ಸ್ಟೇಜ್ ಪೇಂಟ್ (ಮೇಲೆ ಬೇರೆ ಪದರ ಬೇಡದ ಪೇಂಟ್). ಕಣ್ಣಿಗೆ ಪ್ರೈಮರ್, ಕೆಲಸಕ್ಕೆ ಪೇಂಟ್. ಬಾಗಿಲಿನ ಇಡೀ ಮುಖವನ್ನು ನಡುವೆ ನಿಲ್ಲಿಸದೆ ಒಂದೇ ಸಮನೆ ಹೊಡೆಯಬೇಕು. ಅರ್ಧಕ್ಕೆ ನಿಂತರೆ ಮ್ಯಾಟ್‌ನಲ್ಲಿ ಪಟ್ಟೆ ಬೀಳುತ್ತದೆ, ಪಾಲಿಶ್ ಮಾಡಿ ಸರಿಪಡಿಸೋಣ ಅಂದರೆ ಅಲ್ಲಿ ಮಾತ್ರ ಹೊಳಪು ಬರುತ್ತದೆ. ಆಮೇಲೆ ವಾಟರ್ ಪೇಪರ್ ಮುಟ್ಟುವಂತಿಲ್ಲ.

ಜೆಲ್‌ಕೋಟ್: ಬಲ ಫೆಂಡರ್‌ನ ಬಿರುಕುಗಳನ್ನು ವಿ ಆಕಾರಕ್ಕೆ ಕೊರೆದು ತುಂಬಿದೆ. ಗಟ್ಟಿಯಾಗಿಸುವ ರಾಸಾಯನಿಕ ಎಂಇಕೆಪಿ, ಜೆಲ್‌ಕೋಟ್ ತೂಕದ 1.5ರಿಂದ 2 ಶೇಕಡಾ. ಒಂದಕ್ಕಿಂತ ಕಡಿಮೆಯಾದರೆ ಒಣಗದು, ಮೂರು ದಾಟಿದರೆ ಪೆಡಸಾಗಿ ಮತ್ತೆ ಬಿರಿಯುತ್ತದೆ. ದಪ್ಪ ಅರ್ಧ ಮಿ.ಮೀ. ಸಾಕು. ಗಾಳಿ ತಾಗಿದ ಮೇಲ್ಮೈ ಅಂಟಂಟಾಗಿಯೇ ಉಳಿಯುವುದರಿಂದ ಕೊನೇ ಕೋಟಿಗೆ ವ್ಯಾಕ್ಸ್ ದ್ರಾವಣ ಸೇರಿಸಬೇಕು. ಬಾನೆಟ್ ಪಿನ್‌ಗೆ ತೂತು ಕೊರೆಯುವಾಗ ಜೆಲ್‌ಕೋಟ್ ದಾಟುವವರೆಗೆ ಡ್ರಿಲ್ ಉಲ್ಟಾ ತಿರುಗಲಿ. ಸೀದಾ ತಿರುಗಿಸಿದರೆ ಅಂಚು ಚಕ್ಕೆ ಏಳುತ್ತದೆ. ಮೇಲೆ ಹೊಳಪಿನ ಪಾರದರ್ಶಕ ಪದರ (ಕ್ಲಿಯರ್ ಕೋಟ್) ಬೇಡ.

ಎಂಜಿನ್: 426 ಘನ ಇಂಚಿನ ಹೆಮಿ (ಅರ್ಧಗೋಳಾಕಾರದ ದಹನ ಕೋಣೆಯದು), 12.5:1 ಕಂಪ್ರೆಷನ್, ಹೋಲಿ ಕಂಪನಿಯ ಎರಡು ಕಾರ್ಬ್ಯುರೇಟರ್. ಕ್ರಾಸ್‌ರ‍್ಯಾಮ್ ಮ್ಯಾನಿಫೋಲ್ಡ್ (ಗಾಳಿ-ಪೆಟ್ರೋಲ್ ಮಿಶ್ರಣವನ್ನು ಎಂಜಿನ್‌ಗೆ ಒಯ್ಯುವ ಕೊಳವೆಗಳು) ಮೆಗ್ನೀಸಿಯಂನದು. ಸಂದಿಯಲ್ಲಿ ಬಿಳಿ ಪುಡಿ ಕಂಡರೆ ನೈಲಾನ್ ಬ್ರಷ್, ಸಾಲ್ವೆಂಟ್ ಅಷ್ಟೇ. ತುಕ್ಕು ತೆಗೆಯುವ ಆಸಿಡ್ ಹಾಕಿದರೆ ಲೋಹವೇ ಕರಗುತ್ತದೆ. ಉಕ್ಕಿನ ಬೋಲ್ಟ್‌ಗೆ ಕಚ್ಚಿಕೊಳ್ಳದಂತೆ ತಡೆಯುವ ಪೇಸ್ಟ್ ಆ್ಯಂಟಿ-ಸೀಜ್ ಇಲ್ಲದಿದ್ದರೆ ಮುಂದಿನ ಸಲ ಬಿಚ್ಚುವಾಗ ಥ್ರೆಡ್ ಕಿತ್ತು ಬರುತ್ತದೆ.

ಬಾಕಿ: ಡಿಕ್ಕಿಯಲ್ಲಿ ಬ್ಯಾಟರಿ, ಡಾಡ್ಜ್ ಎ100 ವ್ಯಾನಿನ ಎರಡು ಸೀಟು, ಪಕ್ಕದ ಕಿಟಕಿಗಳ 2 ಮಿ.ಮೀ. ತೆಳು ಗಾಜು. ತಿರುಗಿಸುವ ಹಿಡಿಕೆ ಈ ಕಾರಿನಲ್ಲಿ ಇರಲೇ ಇಲ್ಲ, ಗಾಜು ಎತ್ತಲು ಸೀಟ್‌ಬೆಲ್ಟ್‌ನಂಥ ಪಟ್ಟಿ. ಅದರ ಹೊಲಿಗೆಗೆ ಹೊಸ ಹೊಳೆಯುವ ನೈಲಾನ್ ದಾರ ಹೊಂದುವುದಿಲ್ಲ, ಮಂಕು ಬಣ್ಣದ್ದು ಹುಡುಕಬೇಕು.